ನಾಯಿ ಸಾಮಿಯ ಗಾಯ

ಸಾಬಣ್ಣ ಬಡಿಗೇರ ಯಾರಿಗೂ ಕೆಟ್ಟದ್ದು ಬಯಸಿದವನಲ್ಲ. ಒಳ್ಳೆಯದು ಮಾಡಲು ಹೋಗಿಯೇ ಎಡವಟ್ಟು ಮಾಡಿಕೊಂಡ. ಹೈದರಾಬಾದಿನ ನಾಚಾರಂನ ಆ ಗಲ್ಲಿಯಲ್ಲಿ ಈಗಲೂ ಅವನನ್ನು ಬೈಯುವವರಿದ್ದಾರೆ. ಆದರೆ ದನಿ ತಗ್ಗಿಸಿ ಬೈಯುತ್ತಾರೆ, ಬೈದ ಮೇಲೆ ಕೆನ್ನೆ ಬಡಿದುಕೊಳ್ಳುತ್ತಾರೆ.

ಅವನ ಊರು ಯಾದಗಿರಿ ಸೀಮೆಯಲ್ಲಿ, ಮೈಲಾಪುರದ ಮಗ್ಗುಲಿಗೆ. ಅಜ್ಜ ದೇವರ ಮೂರ್ತಿ, ಪಲ್ಲಕ್ಕಿ ಕೆತ್ತಿದವನು. ಮೊಮ್ಮಗ ಹೈದರಾಬಾದಿಗೆ ಬಂದು, ಕಾರ್ಖಾನೆಯ ಯಂತ್ರಗಳನ್ನು ತುಂಬುವ ಮರದ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತಿದ್ದ. ಇದರ ಬಗ್ಗೆ ಅವನಿಗೆ ಒಳಗೊಳಗೇ ನಾಚಿಕೆಯಿತ್ತು. ಅಜ್ಜನ ಉಳಿಗಳನ್ನು ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಟ್ರಂಕಿನ ತಳದಲ್ಲಿ ಇಟ್ಟುಕೊಂಡಿದ್ದ. ಅವುಗಳಿಂದ ಪೆಟ್ಟಿಗೆಯ ಕೆಲಸ ಮಾಡಲು ಅವನಿಗೆ ಮನಸ್ಸಾಗುತ್ತಿರಲಿಲ್ಲ.

ಹೆಂಡತಿ ಪಾರ್ವತೆಮ್ಮ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿಯವರಿಂದ ಹಿಡಿದು ತಾರ್ನಾಕದಲ್ಲಿ ರೂಮು ಮಾಡಿಕೊಂಡ ಕಂಪ್ಯೂಟರ್ ಹುಡುಗರವರೆಗೆ ಅವಳಿಗೆ ಗಿರಾಕಿಗಳು. ಪ್ರತಿ ರೊಟ್ಟಿಯ ಅಂಚಿಗೂ ಹೆಬ್ಬೆರಳಿನಿಂದ ಒಂದು ಒತ್ತು ಕೊಡುವುದು ಅವಳ ರೂಢಿ. ಯಾಕೆಂದು ಕೇಳಿದರೆ, "ನನ್ ರೊಟ್ಟಿ ನನಗ ಗುರ್ತ ಸಿಗಬೇಕಲ್ರಿ" ಅನ್ನುತ್ತಿದ್ದಳು.

ಅವಳಿಗೆ ಸಕ್ಕರೆ ಕಾಯಿಲೆ. ಪಾದಗಳಲ್ಲಿ ಸ್ಪರ್ಶವೇ ಸತ್ತುಹೋಗಿತ್ತು. ಒಂದು ದಿನ ಕಾದ ಹಂಚು ಜಾರಿ ಬಲಗಾಲಿನ ಮೇಲೆ ಕೂತಿತು; ಅವಳಿಗೆ ಗೊತ್ತೇ ಆಗಲಿಲ್ಲ. ವಾಸನೆ ಬಂದಾಗ ರೊಟ್ಟಿ ಸೀಯುತ್ತಿದೆ ಎಂದುಕೊಂಡು ಒಲೆ ಸಣ್ಣ ಮಾಡಿದಳಂತೆ. ಆಮೇಲೆ ಕೆಳಗೆ ನೋಡಿದಳು.

ಆ ಗಾಯ ಮಾಯಲೇ ಇಲ್ಲ. ಕೋಠಿಯ ಕಡೆಯ ದೊಡ್ಡಾಸ್ಪತ್ರೆಗೆ ತಿರುಗಿ ತಿರುಗಿ ಸಾಬಣ್ಣನ ಚಪ್ಪಲಿ ಸವೆದವು. ಡಾಕ್ಟರು, ಹೀಗೇ ಮೇಲಕ್ಕೇರಿದರೆ ಕಣಕಾಲಿನವರೆಗೆ ತೆಗೆಯಬೇಕಾಗುತ್ತದೆ ಎಂದರು. ಆಟೋದಲ್ಲಿ ವಾಪಸು ಬರುವಾಗ ಪಾರ್ವತೆಮ್ಮ ನಗಲು ನೋಡಿದಳು.

"ರೊಟ್ಟಿ ಬಡಿಯಾಕ ಕೈ ಇದ್ರ ಸಾಕ್ ಬಿಡ್ರಿ. ಕಾಲ್ ಯಾಕ ಬೇಕು?" ಅಂದಳು. ಅಂದವಳೇ ಮುಖ ಆಚೆ ತಿರುಗಿಸಿದಳು.

ಅವರ ಗಲ್ಲಿಯ ತುದಿಯಲ್ಲಿ, ಕಾರ್ಖಾನೆಯ ಗೋಡೆಗೆ ಅಂಟಿಕೊಂಡು, ರೇಷನ್ ಅಂಗಡಿಯಷ್ಟೇ ಇರುವ ಒಂದು ಪುಟ್ಟ ಪ್ರಾರ್ಥನಾ ಮಂದಿರವಿತ್ತು. ಅದನ್ನು ಕಟ್ಟಿಸಿದವರು ಮಂಗಳೂರು ಕಡೆಯಿಂದ ರೈಲ್ವೆ ಕೆಲಸಕ್ಕೆ ಬಂದ ಕ್ರೈಸ್ತರೊಬ್ಬರು. ಈಗ ಅದರ ಬೀಗದ ಕೈ ಅವರ ಸೊಸೆ ನಲಿನಿ ಡಿಸೋಜರ ಹತ್ತಿರ. ನಲಿನಿ ತಾರ್ನಾಕದಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಒಳಗಿದ್ದ ಮೂರ್ತಿ ಸಂತ ರೋಕನದು. ಹಲಸಿನ ಮರದ್ದು, ಎದೆಯೆತ್ತರ. ತಲೆಗೆ ಟೋಪಿ, ಬೆನ್ನಿಗೆ ಒರಗಿಸಿದ ಕೋಲು. ಎಡಗೈಯಿಂದ ನಿಲುವಂಗಿಯನ್ನು ಮೇಲೆತ್ತಿ, ಬಲಗೈ ಬೆರಳಿನಿಂದ ತನ್ನ ಎಡತೊಡೆಯನ್ನು ತೋರಿಸುತ್ತಿದ್ದಾನೆ. ಅಲ್ಲೊಂದು ಗಾಯ, ಹೆಬ್ಬೆರಳು ಹೋಗುವಷ್ಟು ತೂತು. ಕಾಲ ಬಳಿ ಮರದ್ದೇ ಒಂದು ನಾಯಿ, ಬಾಯಲ್ಲಿ ರೊಟ್ಟಿ ಕಚ್ಚಿಕೊಂಡು ಕೂತಿದೆ. ಅದರ ಒಂದು ಕಿವಿ ಯಾವಾಗಲೋ ಮುರಿದು ಮೊಂಡಾಗಿದೆ.

ಗಲ್ಲಿಯ ತೆಲುಗರು ಅವನನ್ನು ಕುಕ್ಕ ಸಾಮಿ ಎನ್ನುತ್ತಿದ್ದರು. ನಮ್ಮವರ ಬಾಯಲ್ಲಿ ಅದು ನಾಯಿ ಸಾಮಿ ಆಗಿತ್ತು. ಪಾರ್ವತೆಮ್ಮನಿಗೆ ನಾಯಿಯನ್ನು ಕಂಡಕೂಡಲೇ ನಂಬಿಕೆ ಬಂದುಬಿಟ್ಟಿತು. ಅವಳ ಮನೆದೇವರು ಮೈಲಾರಲಿಂಗ; ಅವನ ಜೊತೆಗೂ ನಾಯಿ ಇರುತ್ತದಲ್ಲ.

"ಇಂವ ನಮ್ಮ ಕಡ್ಯಾಂವನ ಅದಾನ ನೋಡ್ರಿ. ಟೋಪಿ ಹಾಕ್ಕೊಂಡು ದುಡಿಯಾಕ ಪಟ್ಟಣಕ್ಕ ಬಂದಾನ, ನಮ್ಮಂಗ" ಎಂದಳು ಗಂಡನಿಗೆ.

ಅಲ್ಲಿಯ ಪದ್ಧತಿ ಹೀಗಿತ್ತು: ಶುಕ್ರವಾರ ಬೆಳಿಗ್ಗೆ ಹುಣ್ಣು, ಗಾಯ ಇದ್ದವರೆಲ್ಲ ಬರುವರು. ಹತ್ತಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಸಂತನ ತೊಡೆಯ ತೂತಿನಲ್ಲಿ ಇಟ್ಟು, ಹೊರಳಿಸಿ, ಅದೇ ಹತ್ತಿಯನ್ನು ತಮ್ಮ ಗಾಯಕ್ಕೆ ಸವರಿಕೊಳ್ಳುವರು. ಕ್ರೈಸ್ತರು, ಮುಸಲ್ಮಾನರು, ಲಿಂಗಾಯತರು ಎಂಬ ಭೇದ ಇರಲಿಲ್ಲ. ತರಕಾರಿ ಮಾರುವ ಬೀದರಿನ ಸುಂದರಾಬಾಯಿ ಮೊಣಕಾಲ ಕೆಳಗಿನ ಹಳೇ ಹುಣ್ಣನ್ನು ಹೀಗೇ ವಾಸಿಮಾಡಿಕೊಂಡಿದ್ದಳು. ಅವಳೇ ಪಾರ್ವತೆಮ್ಮನ ಕೈಹಿಡಿದು ಅಲ್ಲಿಗೆ ಕರೆತಂದವಳು.

ಪಾರ್ವತೆಮ್ಮ ಶುಕ್ರವಾರ ತಪ್ಪಿಸಲಿಲ್ಲ. ಆಸ್ಪತ್ರೆಯ ಗುಳಿಗೆಯನ್ನೂ ಬಿಡಲಿಲ್ಲ. ಚಳಿಗಾಲ ಮುಗಿಯುವಷ್ಟರಲ್ಲಿ ಗಾಯದ ಅಂಚು ಗುಲಾಬಿಗೆ ತಿರುಗಿತು. ಯುಗಾದಿಯ ಹೊತ್ತಿಗೆ ಹೊಸ ಚರ್ಮ ಕೂಡಿಕೊಂಡಿತು. ಅಂದು ಸಾಬಣ್ಣ ಹೆಂಡತಿಯ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಮಾಯ್ದ ಜಾಗವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿ, ನಾಚಿಕೆ ಬಿಟ್ಟು ಅತ್ತ.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಸಾಬಣ್ಣ ಋಣ ಇಟ್ಟುಕೊಳ್ಳುವ ಪೈಕಿಯಲ್ಲ.

ಆ ಬೇಸಿಗೆಯಲ್ಲಿ ನಲಿನಿ ಟೀಚರ್ ತಂಗಿಯ ಮಗಳ ಮದುವೆಗೆಂದು ಮಂಗಳೂರಿಗೆ ಹೊರಟರು. ಮೂರ್ತಿಯ ಪೀಠಕ್ಕೆ ಗೆದ್ದಲು ಹಿಡಿದಿತ್ತು. "ನಾನು ಬರುವುದರೊಳಗೆ ಕೆಳಗಿನ ಹಲಗೆ ಬದಲಾಯಿಸಿ ಇಡಿ ಸಾಬಣ್ಣ, ಆಯ್ತಾ? ಬೇರೆ ಎಂತದೂ ಮುಟ್ಟಬೇಡಿ ಮಾರಾಯ್ರೆ" ಎಂದು ಕೀಲಿಕೈ ಕೊಟ್ಟು ಹೋದರು.

ಸಾಬಣ್ಣ ಟ್ರಂಕಿನ ತಳದಿಂದ ಅಜ್ಜನ ಉಳಿಗಳನ್ನು ತೆಗೆದ. ಪೀಠದ ಕೆಲಸ ಒಂದು ಬೆಳಿಗ್ಗೆಯಲ್ಲಿ ಮುಗಿಯಿತು. ಸಾಮಾನು ಕಟ್ಟಿಕೊಂಡು ಏಳಬೇಕು, ಕಣ್ಣು ತೊಡೆಯ ಗಾಯದ ಮೇಲೆ ಬಿತ್ತು. ಹತ್ತಿರದಿಂದ ನೋಡಿದರೆ ಸಂತನ ಮುಖ ನೋವಿನಲ್ಲಿತ್ತು: ಹುಬ್ಬು ಗಂಟಿಕ್ಕಿ, ಬಾಯಿ ಅರೆ ತೆರೆದು. ಸಾಬಣ್ಣ ಮನಸ್ಸಿನಲ್ಲೇ ಅಂದುಕೊಂಡ: ನನ್ನ ಹೆಂಡತಿಯ ಗಾಯ ಮಾಯಿಸಿದವನು ತಾನು ಮಾತ್ರ ಹೀಗೆ ನೋವು ತಿನ್ನುತ್ತಾ ನಿಂತಿರಬೇಕೇ? ನಾನು ಬಡಿಗ. ಮರದ ಗಾಯ ಮುಚ್ಚಲು ನನಗಲ್ಲದೆ ಇನ್ಯಾರಿಗೆ ಬರುತ್ತದೆ?

ಅವನ ಮನೆತನದಲ್ಲಿ ಒಂದು ಕಟ್ಟಳೆಯಿತ್ತು. ಕಣ್ಣು ತೆರೆಸಿದ ಮೂರ್ತಿಗೆ ಮತ್ತೆ ಉಳಿ ಮುಟ್ಟಿಸಬಾರದು. ಅಜ್ಜ ಈ ಮಾತನ್ನು ಹೇಳುವಾಗ ಉಳಿಯನ್ನೇ ಕೆಳಗಿಟ್ಟು ಹೇಳುತ್ತಿದ್ದ. ಸಾಬಣ್ಣನಿಗೆ ಅದು ನೆನಪಾಗದೆ ಇರಲಿಲ್ಲ. ಆದರೆ ಒಂದು ಮನಸ್ಸು, ಇವರ ದೇವರ ಪದ್ಧತಿ ಬೇರೆ ಅಂದಿತು. ಇನ್ನೊಂದು ಮನಸ್ಸು, ನಾನು ಕೆತ್ತುತ್ತಿಲ್ಲವಲ್ಲ, ತುಂಬುತ್ತಿದ್ದೇನೆ ಅಂದಿತು. ಎರಡು ಮನಸ್ಸೂ ಸೇರಿ ಅವನನ್ನು ಹಾಳು ಮಾಡಿದವು.

ತುಂಬಲು ಹೊಡೆಯುವ ಮರದ ಬಿರಡೆ ಸರಿಯಾಗಿ ಕೂರಬೇಕಾದರೆ ತೂತಿನ ಅಂಚನ್ನು ಒಂದಿಷ್ಟು ಹೆರೆಯಬೇಕು. ಒಂದಿಷ್ಟೇ ಹೆರೆದ. ಒಳಗೆ ಬೆರಳಿಟ್ಟರೆ ತೇವವಿತ್ತು. ಎಣ್ಣೆ ಇರಬೇಕು ಎಂದುಕೊಂಡು ಬೆರಳನ್ನು ಮೂಸಿದ. ಎಣ್ಣೆಯ ವಾಸನೆಯಲ್ಲ. ಕೋಠಿಯ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚುವ ಕೋಣೆಯ ಹೊರಗೆ ಕೂತಾಗ ಬರುತ್ತಿದ್ದ ವಾಸನೆ.

ಆಗಲಾದರೂ ಬಿಡಬೇಕಿತ್ತು. ಬಿಡಲಿಲ್ಲ. ಹಲಸಿನ ತುಂಡನ್ನೇ ಹುಡುಕಿ ತಂದು, ಬಿರಡೆ ಮಾಡಿ, ಅಂಟು ಹಚ್ಚಿ, ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದ. ಬಿಗಿಯಾದ ಬಿರಡೆ ಕೂರುವಾಗ ಒಳಗಿನ ಗಾಳಿ ಉಸ್ಸೆಂದು ಹೊರಬರುವುದು ಸಹಜ. ಬಂತು. ಆದರೆ ಆ ಸದ್ದು ತೊಡೆಯಿಂದ ಬರಲಿಲ್ಲ, ಮೇಲಿನಿಂದ, ಬಾಯಿಯ ಕಡೆಯಿಂದ ಬಂತು. ಸಾಬಣ್ಣ ತಲೆಯೆತ್ತಿ ನೋಡುವ ಧೈರ್ಯ ಮಾಡಲಿಲ್ಲ. ಬಣ್ಣ ಬಳಿದು, ಕೈಮುಗಿದು, ಬಾಗಿಲು ಹಾಕಿಕೊಂಡು ಬಂದ.

ಶುಕ್ರವಾರ ಜನ ಬಂದರು. ಹತ್ತಿ ಇಡಲು ತೂತೇ ಇಲ್ಲ. ಕೆಲವರು ಹೊಸ ಬಣ್ಣ ಚೆಂದ ಕಾಣುತ್ತದೆ ಎಂದರು. ಕೆಲವರು ಗೊಣಗುತ್ತ ಮೇಲೆ ಮೇಲೆ ಸವರಿಕೊಂಡು ಹೋದರು. ಪಾರ್ವತೆಮ್ಮ ಮಾತ್ರ ಸಂತನ ಮುಖವನ್ನೇ ನೋಡುತ್ತ ನಿಂತಳು.

"ಏನ್ ಮಾಡೀರಿ ಇದಕ್ಕ?" ಎಂದು ಕೇಳಿದಳು.

"ಗಾಯ ಮುಚ್ಚೀನಿ. ಉಪಕಾರ ಮಾಡ್ಯಾನಲ್ಲ ನಮಗ."

"ನೋವಿನ್ಯಾಗ ಇದ್ದಾಗ ನಮ್ಮ ಕಡೆ ನೋಡತಿದ್ದ. ಈಗ ಬಾಗಲಾ ನೋಡಾಕತ್ಯಾನ" ಎಂದಳು ಪಾರ್ವತೆಮ್ಮ.

ಸಾಬಣ್ಣ ನೋಡಿದ. ಗಂಟಿಕ್ಕಿದ್ದ ಹುಬ್ಬು ಸಡಿಲಾಗಿತ್ತು. ಅರೆ ತೆರೆದಿದ್ದ ಬಾಯಿ ಮುಚ್ಚಿತ್ತು. ಮುಖಕ್ಕೆ ತಾನು ಕುಂಚ ಮುಟ್ಟಿಸಿರಲಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆ ವಾರವೇ ಸುಂದರಾಬಾಯಿಯ ಹುಣ್ಣು ಮತ್ತೆ ಬಾಯಿಬಿಟ್ಟಿತು. ಆಮೇಲೆ ಕಾರ್ಖಾನೆಯ ವಾಚ್‌ಮನ್ನನ ಬೆನ್ನು. ಆಮೇಲೆ ಹಿಂದಿನ ಸಾಲಿನ ಬಾಣಂತಿಯ ಎದೆ. ವಾಸಿಯಾಗಿ ವರ್ಷಗಳಾದವರ ಗಾಯಗಳೂ ತೆರೆದುಕೊಂಡವು. ಹಳೇ ಗಾಯಗಳು ಒಂದೊಂದು ಆಕಾರದಲ್ಲಿದ್ದವು, ಈಗಿನವು ಮಾತ್ರ ಎಲ್ಲರವೂ ಒಂದೇ ಥರ: ದುಂಡಗೆ, ಹೆಬ್ಬೆರಳು ಹೋಗುವಷ್ಟು. ಜನ ಒಬ್ಬರದನ್ನೊಬ್ಬರು ನೋಡಿಕೊಂಡು, ಸೆರಗು ಪಂಚೆ ಎಳೆದು ಮುಚ್ಚಿಕೊಂಡರು. ಸಾಬಣ್ಣ ಹೆಂಡತಿಯ ಪಾದವನ್ನು ದಿನವೂ ಬೆಳಿಗ್ಗೆ ಸಂಜೆ ನೋಡತೊಡಗಿದ. ಒಂದು ಬೆಳಿಗ್ಗೆ ಅವಳು ನಡೆದ ನೆಲದ ಮೇಲೆ ಒದ್ದೆ ಹೆಜ್ಜೆಗಳಿದ್ದವು. ನೀರು ಚೆಲ್ಲಿರಬೇಕು ಎಂದು ಅವಳೇ ಒರೆಸಲು ಬಗ್ಗಿದಳು. ನೀರಾಗಿರಲಿಲ್ಲ.

ಅವನು ಉಳಿ ಹಿಡಿದು ಮಂದಿರಕ್ಕೆ ಓಡಿದ. ಬಿರಡೆ ತೆಗೆದುಬಿಟ್ಟರಾಯಿತು, ಮೊದಲಿದ್ದಂತೆ ಆಗುತ್ತದೆ ಎಂಬುದೊಂದೇ ಅವನ ಯೋಚನೆ. ತೊಡೆಯ ಬಣ್ಣ ಕೆರೆದ. ಬಿರಡೆ ಸಿಗಲಿಲ್ಲ. ಅಂಚಿನ ಗೆರೆ ಇಲ್ಲ, ಅಂಟಿನ ಗುರುತಿಲ್ಲ. ಮರದ ಎಳೆ ಸೊಂಟದಿಂದ ಮೊಣಕಾಲಿನವರೆಗೆ ಎಲ್ಲೂ ಕಡಿಯದೆ ಇಳಿದಿತ್ತು. ಉಗುರಿನಿಂದ ಗೀರಿ ಗೀರಿ ನೋಡಿದ. ತಾನೇ ಕೂರಿಸಿದ ಬಿರಡೆಯನ್ನು ತಾನೇ ಹುಡುಕಲಾಗದ ಬಡಿಗನಿಗೆ ಆಗುವ ಭಯವನ್ನು ಬಡಿಗರೇ ಬಲ್ಲರು. ಗಾಯ ಮುಚ್ಚಿರಲಿಲ್ಲ, ಮಾಯ್ದಿತ್ತು.

ನಲಿನಿ ಟೀಚರ್ ಊರಿನಿಂದ ಬಂದವರು ಸಿಟ್ಟು ಮಾಡಲಿಲ್ಲ. ಮೂರ್ತಿಯ ಮುಂದೆ ಬಹಳ ಹೊತ್ತು ನಿಂತು, ಬೆಂಚಿನ ಮೇಲೆ ಕೂತುಬಿಟ್ಟರು.

"ಇವರ ಕತೆ ಗೊತ್ತುಂಟಾ ನಿಮಗೆ?" ಎಂದರು. "ಊರೂರಲ್ಲಿ ಪ್ಲೇಗು ಬಂದಾಗ ರೋಗಿಗಳ ಸೇವೆ ಮಾಡಿದವರು. ಎಲ್ಲರದ್ದೂ ವಾಸಿ ಮಾಡಿದ್ರು. ಕಡೆಗೆ ಅವರಿಗೇ ಬಂತು, ತೊಡೆಯಲ್ಲಿ. ಯಾರಿಗೂ ತೊಂದರೆ ಬೇಡ ಅಂತ ಕಾಡಿಗೆ ಹೋಗಿ ಮಲಗಿದ್ರು. ಒಂದು ನಾಯಿ ಯಾರದ್ದೋ ಮನೆಯಿಂದ ದಿನಾ ರೊಟ್ಟಿ ಕಚ್ಚಿಕೊಂಡು ಬಂದು ಕೊಡ್ತಿತ್ತಂತೆ."

"ಗಾಯ ಮುಚ್ಚಿದ್ರ ಅವ್ರಿಗೆ ಆರಾಮ ಆಗಬೇಕಿತ್ತಲ್ರಿ, ಟೀಚರಮ್ಮ?"

"ಅವರಿಗೆ ಆರಾಮ ಆಯ್ತಲ್ಲ. ನನ್ನ ಮಾವ ಹೇಳ್ತಿದ್ರು, ಈ ಗಲ್ಲಿಯವರ ಗಾಯವನ್ನೆಲ್ಲ ಸಂತರು ಆ ಒಂದು ತೂತಿನಲ್ಲಿ ಇಟ್ಟುಕೊಂಡಿದ್ದಾರೆ ಅಂತ. ಈಗ ಇಡಲಿಕ್ಕೆ ಜಾಗ ಇಲ್ಲ ನೋಡಿ."

ಆಸ್ಪತ್ರೆಯಲ್ಲಿ ಡಾಕ್ಟರು ಗಾಯ ನೋಡಿದರು. ಸೋಮವಾರ ಭರ್ತಿಯಾಗಿ, ಮಂಗಳವಾರ ಕಾಲು ತೆಗೆಯುತ್ತೇವೆ ಎಂದರು. ಪಾರ್ವತೆಮ್ಮ ಈ ಸಲ ತಮಾಷೆ ಮಾಡಲಿಲ್ಲ. ಭಾನುವಾರ ಬೆಳಿಗ್ಗೆ ರೊಟ್ಟಿ ಬಡಿಯಲು ಕೂತು, ಹಿಟ್ಟು ನಾದಿ, ಹಾಗೇ ಸುಮ್ಮನೆ ಹಿಟ್ಟಿನೊಳಗೆ ಕೈಯಿಟ್ಟುಕೊಂಡು ಕೂತಿದ್ದಳು. ಸಾಬಣ್ಣನಿಗೆ ಅದನ್ನು ನೋಡಲಾಗಲಿಲ್ಲ.

ಭಾನುವಾರ ಮಧ್ಯಾಹ್ನ ನಾಚಾರಂನಲ್ಲಿ ಕಾರ್ಖಾನೆಗಳು ಬಾಯಿ ಮುಚ್ಚಿಕೊಂಡಿರುತ್ತವೆ. ಬಿಸಿಲು ಬೆಂಕಿಯಂತಿತ್ತು. ಗಲ್ಲಿಯಲ್ಲಿ ನರಪಿಳ್ಳೆಯಿಲ್ಲ. ಸಾಬಣ್ಣ ಟೀಚರಿಗೆ ಇನ್ನೂ ವಾಪಸು ಕೊಡದಿದ್ದ ಕೀಲಿಕೈಯಿಂದ ಮಂದಿರದ ಬಾಗಿಲು ತೆರೆದು ಒಳಗೆ ಹೋದ. ಒಳಗೆ ತಣ್ಣಗಿತ್ತು, ಇರಬೇಕಾದ್ದಕ್ಕಿಂತ ಹೆಚ್ಚು ತಣ್ಣಗಿತ್ತು. ಸಂತನ ಬೆರಳು ಈಗಲೂ ತೊಡೆಯ ಕಡೆಗೇ ಇತ್ತು, ಆದರೆ ಅಲ್ಲಿ ತೋರಿಸಲು ಏನೂ ಉಳಿದಿರಲಿಲ್ಲ.

ಅವನು ಉಳಿಯನ್ನು ಹಣೆಗೊತ್ತಿಕೊಂಡ. ಅಜ್ಜನ ಮಾತು ಕಿವಿಯಲ್ಲಿತ್ತು. ಉಳಿಯ ಬಾಯನ್ನು ತೊಡೆಗೆ ಇಟ್ಟ. ಮರ ಬೆಚ್ಚಗಿತ್ತು.

"ನಿನ್ನ ಕೆಲಸ ನಾ ಕೆಡಿಸೀನಿ, ಖರೆ" ಎಂದ. "ತೆರಿ. ತೆರೀಲಿಕ್ಕೆ ಆಗಂಗಿಲ್ಲಂದ್ರ, ಯಾರರ ಒಬ್ರು ಹೊರಬೇಕಲ್ಲ, ನನ್ನ ಮ್ಯಾಲ ಹಾಕು. ಆಕಿ ಕಾಲು ಬಿಡು."

ಕೊಡತಿ ಎತ್ತಿ ಒಂದೇ ಏಟು ಹೊಡೆದ.

ಮರಕ್ಕೆ ಏನೂ ಆಗಲಿಲ್ಲ. ಗೀರು ಕೂಡ ಬೀಳಲಿಲ್ಲ. ಸಾಬಣ್ಣ ಮಾತ್ರ ಕುಸಿದು ಕೂತ. ಎಡತೊಡೆಯಲ್ಲಿ ಚಳುಕು ಹೊಡೆದು ಉಸಿರು ಸಿಕ್ಕಿಕೊಂಡಿತು. ಲುಂಗಿ ಸರಿಸಿ ನೋಡಿದ. ರಕ್ತವಿಲ್ಲ. ದುಂಡಗಿನ, ನೀಟಾದ, ಹೆಬ್ಬೆರಳು ಹೋಗುವಷ್ಟು ತೂತು. ಒಳ್ಳೆಯ ಬಡಿಗ ಹೊಡೆದದ್ದು ಎಂದು ಅವನಿಗೇ ಅನ್ನಿಸಿತು. ತಲೆಯೆತ್ತಿದಾಗ ಸಂತನ ಮುಖದಲ್ಲಿ ನೋವು ಇರಲಿಲ್ಲ, ಕರುಣೆಯೂ ಇರಲಿಲ್ಲ. ದಿನದ ಕೆಲಸ ಮುಗಿಸಿ ಮನೆಗೆ ಹೊರಟವನ ಮುಖವಾಗಿತ್ತು ಅದು.

ಸೋಮವಾರ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದ ಡಾಕ್ಟರು ಯಾರ ಕಾಲು ಇದು ಎಂದು ಮತ್ತೆ ಮತ್ತೆ ಚೀಟಿ ನೋಡಿದರು. ಗಾಯ ಒಣಗಿತ್ತು. ಪಾರ್ವತೆಮ್ಮ ಕಾರಿಡಾರಿನಲ್ಲೇ ನೆಲ ಮುಟ್ಟಿ ಮೈಲಾರಲಿಂಗನಿಗೂ ನಾಯಿ ಸಾಮಿಗೂ ಕೈಮುಗಿದಳು. ಗಂಡ ಕುಂಟುತ್ತಿರುವುದನ್ನು ಕಂಡು ಕೇಳಿದಳು. ಪೆಟ್ಟಿಗೆ ತಾಗಿತು ಎಂದ ಸಾಬಣ್ಣ.

ಅದೇ ವಾರ ನಲಿನಿ ಟೀಚರ್ ಗಲ್ಲಿಯಲ್ಲಿ ವಿಚಾರಿಸುತ್ತ ತಿರುಗಿದರು. ಮೂರ್ತಿಯ ಕಾಲ ಬಳಿಯ ಮರದ ನಾಯಿ ಕಾಣೆಯಾಗಿತ್ತು. ಬೀಗ ಹಾಕಿದ್ದು ಹಾಕಿದಂತೆಯೇ ಇದೆ, ಹೊಸ ಹಲಗೆಯ ಮೇಲೆ ನಾಯಿಯ ಜಾಗ ಖಾಲಿ. ಯಾರೋ ಕಳ್ಳರು ಎಂದರು ಜನ. ಮರದ ನಾಯಿ ಕದ್ದು ಏನು ಮಾಡುತ್ತಾರೋ ಎಂದು ಟೀಚರ್ ಬೇಸರಪಟ್ಟುಕೊಂಡರು.

ಸಾಬಣ್ಣ ಮನೆಗೆ ಬರುವುದನ್ನು ಕಡಿಮೆ ಮಾಡಿದ. ಕೆಲಸ ಜಾಸ್ತಿ ಎಂದು ಹೇಳಿ, ಪೆಟ್ಟಿಗೆ ಮಾಡುವ ಶೆಡ್ಡಿನ ಹಿಂದೆ ಮರದ ದಿಮ್ಮಿಗಳನ್ನು ಒಟ್ಟುವ ಜಾಗದಲ್ಲಿ ಮಲಗತೊಡಗಿದ. ಗಾಯದಿಂದ ಬರುವ ವಾಸನೆ ಹೆಂಡತಿಗೆ ಗೊತ್ತಾದರೆ ಅವಳು ತನ್ನ ಕಾಲನ್ನೇ ಶಪಿಸಿಕೊಳ್ಳುತ್ತಾಳೆ ಎಂದು ಅವನಿಗೆ ಹೆದರಿಕೆ. ಹಗಲು ಹೇಗೋ ಕಳೆಯುತ್ತಿತ್ತು. ಆಮೇಲೆ ಜ್ವರ ಬಂತು, ಏಳಲಾಗಲಿಲ್ಲ. ಹಸಿವಾದರೂ ಯಾರನ್ನೂ ಕರೆಯಲಿಲ್ಲ.

ಒಂದು ಮುಂಜಾನೆ ಕಣ್ಣು ಬಿಟ್ಟಾಗ ದಿಮ್ಮಿಗಳ ಸಂದಿಯಲ್ಲಿ ಒಂದು ನಾಯಿ ನಿಂತಿತ್ತು. ಕಂದು ಬಣ್ಣ, ಹಲಸಿನ ಮರದ ಬಣ್ಣ. ಒಂದು ಕಿವಿ ಮುರಿದು ಮೊಂಡಾಗಿತ್ತು. ಬಾಯಲ್ಲಿ ರೊಟ್ಟಿಯಿತ್ತು. ಅದು ಹತ್ತಿರ ಬಂದು ರೊಟ್ಟಿಯನ್ನು ಅವನ ಎದೆಯ ಮೇಲಿಟ್ಟು, ಕಾಲ ಬಳಿ ಹೋಗಿ ಕೂತಿತು. ಕೂತ ರೀತಿ ಅವನಿಗೆ ಗೊತ್ತಿದ್ದದ್ದೇ. ರೊಟ್ಟಿ ಇನ್ನೂ ಬಿಸಿಯಾಗಿತ್ತು. ಸಾಬಣ್ಣ ಅದರ ಅಂಚನ್ನು ತಡವಿದ. ಹೆಬ್ಬೆರಳಿನ ಒತ್ತು ಕೈಗೆ ಸಿಕ್ಕಿತು. ಆಗ ಅವನು ನಿಜವಾಗಿ ಹೆದರಿದ.

"ಏ ಕಳ್ಳ ನಾಯಿ! ಬುಟ್ಟ್ಯಾಗಿಂದ್ ಎತ್ಕೊಂಡ್ ಓಡ್ತೈತಿ!" ಎಂದು ಹೊರಗೆ ಪಾರ್ವತೆಮ್ಮನ ದನಿ ಕೇಳಿತು. ಅವಳು ಬರಿಗಾಲಲ್ಲಿ ಓಡಿಬಂದಿದ್ದಳು. ಎರಡು ಕಾಲಲ್ಲೂ ಸರಿಯಾಗಿ ಓಡಿಬಂದಿದ್ದಳು. ದಿಮ್ಮಿಗಳ ಸಂದಿಗೆ ಬಂದವಳು ಗಂಡನನ್ನು ಕಂಡಳು, ನಾಯಿಯನ್ನು ಕಂಡಳು, ಸರಿದ ಲುಂಗಿಯ ಕೆಳಗೆ ತೊಡೆಯನ್ನು ಕಂಡಳು. ಅವನ ಪಕ್ಕ ಕುಕ್ಕರಿಸಿ, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು.

"ನನ್ ಕಾಲ್ ಹೋದ್ರ ಹೋಗ್ತಿತ್ರಿ" ಎಂದಳು ಕಡೆಗೆ. "ಕೂತು ರೊಟ್ಟಿ ಬಡೀತಿದ್ದೆ. ನೀವ್ಯಾಕ್ರಿ, ನೀವ್ಯಾಕ..."

"ಅಳಬ್ಯಾಡ ಪಾರೂ. ರೊಟ್ಟಿ ಮುರಿ. ಹಸದೀನಿ."

ಅವಳು ಮುರಿದು ತುತ್ತು ಮಾಡಿ ಬಾಯಿಗಿಟ್ಟಳು. ಅವನು ಎರಡು ತುತ್ತು ನುಂಗುವಷ್ಟರಲ್ಲಿ ಹೊರಗೆ ಯಾರೋ ಕಾಲೆಳೆಯುವ ಸದ್ದಾಯಿತು. ಸುಂದರಾಬಾಯಿ. ಅವಳ ಹಿಂದೆ ವಾಚ್‌ಮನ್. ಅವನ ಹಿಂದೆ ಇನ್ನೂ ಯಾರೋ, ಕೂಸನ್ನು ಎತ್ತಿಕೊಂಡವರು. ಅವತ್ತು ಶುಕ್ರವಾರ. ಸುಂದರಾಬಾಯಿಯ ಕೈಯಲ್ಲಿ ಹತ್ತಿಯಿತ್ತು, ಇನ್ನೊಂದು ಕೈಯಲ್ಲಿ ಎಣ್ಣೆಯ ಬಟ್ಟಲು.

"ನಸುಕಿನ್ಯಾಗ ನಾಯಿ ಬಂದು ಸೆರಗ ಹಿಡದ ಎಳೀತವ್ವಾ" ಎಂದಳು ಅವಳು ಪಾರ್ವತೆಮ್ಮನಿಗೆ, ತಪ್ಪು ಮಾಡಿದವರ ದನಿಯಲ್ಲಿ.

ಪಾರ್ವತೆಮ್ಮ ಎದ್ದು ಗಂಡನಿಗೆ ಅಡ್ಡ ನಿಂತಳು. "ಇಲ್ಲಿ ಯಾವ ಸಾಮಿನೂ ಇಲ್ಲ. ಇಂವ ನನ್ನ ಗಂಡ. ಹೋಗ್ರಿ! ಹೋಗ್ರಿ ಎಲ್ಲಾರೂ!"

ಯಾರೂ ಹೋಗಲಿಲ್ಲ. ಯಾರೂ ಮುಂದೆಯೂ ಬರಲಿಲ್ಲ. ಹಿಂದೆ ಎಲ್ಲೋ ಬಾಣಂತಿಯ ಕೂಸು ಹಸಿದು ಸಣ್ಣಗೆ ಅಳತೊಡಗಿತು. ತಾಯಿಗೆ ಹಾಲೂಡಿಸಲಾಗುತ್ತಿರಲಿಲ್ಲ. ಪಾರ್ವತೆಮ್ಮ ಆ ಅಳುವನ್ನು ಕೇಳಿಸಿಕೊಳ್ಳದಿರಲು ಬಹಳ ಪ್ರಯತ್ನಪಟ್ಟಳು.

"ಪಾರೂ" ಎಂದ ಸಾಬಣ್ಣ.

ಅವಳು ತಿರುಗಿ ನೋಡಿದಳು. ಅವನು ದಿಮ್ಮಿಗೆ ಒರಗಿ ಕೂತಿದ್ದ. ಹುಬ್ಬು ನೋವಿನಿಂದ ಗಂಟಿಕ್ಕಿತ್ತು, ಬಾಯಿ ಅರೆ ತೆರೆದಿತ್ತು. ಎಡಗೈಯಿಂದ ಲುಂಗಿಯನ್ನು ಮೇಲೆತ್ತಿ ಹಿಡಿದಿದ್ದ. ಬಲಗೈಯ ಬೆರಳು ತೊಡೆಯ ಕಡೆಗೆ ತಾನಾಗಿಯೇ ಚಾಚಿಕೊಂಡಿತ್ತು.

ಪಾರ್ವತೆಮ್ಮ ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.